ಹಲಗೆಯ ಕೆಳಮುಖ

ನನ್ನ ನಾದಿನಿಗೆ ಅಸಹ್ಯವಾಗದ ವಸ್ತುಗಳು ಈ ಲೋಕದಲ್ಲಿ ಎರಡೇ ಇದ್ದವು: ಕುದಿಯುವ ನೀರು ಮತ್ತು ಉರಿಬಿಸಿಲು. ಮಿಕ್ಕಿದ್ದಕ್ಕೆಲ್ಲ ಅವಳ ಬಾಯಲ್ಲಿ ಒಂದೇ ಮಾತು, "ಛೀ". ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ನನ್ನ ಕೈಯಿಂದ ನೀರಿನ ಲೋಟ ಇಸಿದುಕೊಂಡು, ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲಿ ನನ್ನ ಹೆಬ್ಬೆರಳಿನ ಗುರುತು ಕಂಡು, "ಛೀ, ಅತ್ತಿಗೆ" ಎಂದು ವಾಪಸು ಕೊಟ್ಟಳು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹೆತ್ತ ತಾಯಿಗೂ ಅವಳು ಹಾಗೆಯೇ ಹೇಳುತ್ತಿದ್ದಳೆಂದು ಆಮೇಲೆ ತಿಳಿಯಿತು. ಮನೆಯವರೂ ಬೀದಿಯವರೂ ಸೇರಿ ಅವಳಿಗೆ ಛೀರಾಣಿ ಎಂದು ಹೆಸರಿಟ್ಟಿದ್ದರು. ಅವಳು ಆ ಹೆಸರಿಗೂ ಒಮ್ಮೆ ಛೀ ಎಂದು, ಅದನ್ನು ಹಾಗೆಯೇ ಒಪ್ಪಿಕೊಂಡಿದ್ದಳು.

ಅವಳಿಗೆ ಮದುವೆಯಾಗಲಿಲ್ಲ. ಒಂದೆರಡು ಸಂಬಂಧ ಬಂದದ್ದುಂಟು. ಒಬ್ಬಾತ ಒಳ್ಳೆಯ ಕೆಲಸದಲ್ಲಿದ್ದವನು, ನೋಡಲೂ ಲಕ್ಷಣವಾಗಿದ್ದ. ಮಾತಾಡುತ್ತ ಮಾತಾಡುತ್ತ ಬಸ್ ಟಿಕೆಟ್ಟಿನ ಮೂಲೆಯಿಂದ ಕಿವಿ ಕೆರೆದುಕೊಂಡು, ಬಂದದ್ದನ್ನು ನೋಡಿ, ಕುರ್ಚಿಯ ಕೈಗೆ ಒರೆಸಿದ. ಅಲ್ಲಿಗೆ ಮುಗಿಯಿತು. ಅವನು ಹೋದ ಮೇಲೆ ಛೀರಾಣಿ ಆ ಕುರ್ಚಿಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಮೂರು ಕೊಡ ಬಿಸಿನೀರು ಸುರಿದಳು. "ಕುರ್ಚಿ ತೊಳೀಬಹುದು ಅತ್ತಿಗೆ. ಗಂಡನ್ನ ದಿನಾ ತೊಳೆಯೋಕಾಗುತ್ತಾ?" ಎಂದಳು.

ಇಂಥವಳು ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ ತೊಳೆಯುವ ಕೆಲಸಕ್ಕೆ ಸೇರಿದಳೆಂದರೆ ಕೇಳಿದವರು ನಕ್ಕರು. ಆದದ್ದು ಹೀಗೆ. ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿ ಒಣಗಿಹೋಗಿ ನಾವೆಲ್ಲ ಮಾರುಕಟ್ಟೆಯ ಹಿಂದಿನ ಸ್ನಾನಗೃಹಕ್ಕೆ ಹೋಗಬೇಕಾಯಿತು. ಹೆಂಗಸರ ಕಡೆ ಆರು ಕೋಣೆ, ಗಂಡಸರ ಕಡೆ ಆರು. ಅವಳು ಒಳಗೆ ಹೋದವಳು ನೀರು ಮುಟ್ಟದೆ ಹೊರಗೆ ಬಂದು, ಮೇಲ್ವಿಚಾರಕರ ಮೇಜಿನ ಮುಂದೆ ನಿಂತು, ಗೋಡೆಯ ಪಾಚಿಯಿಂದ ಹಿಡಿದು ಮೋರಿಯ ಬಾಯಿಯ ತನಕ ಒಂದೊಂದನ್ನೂ ವರ್ಣಿಸಿದಳು. ಆ ಮೇಲ್ವಿಚಾರಕರು ಸದಾ ಮೂಗಿಗೆ ಕರ್ಚೀಫು ಹಿಡಿದೇ ಕೂತಿರುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ಕರ್ಚೀಫು ತೆಗೆಯದೆಯೇ, "ಅಷ್ಟು ಅಸಹ್ಯ ಆದ್ರೆ ನೀನೇ ಬಂದು ತೊಳಿಯಮ್ಮ. ಜಾಗ ಖಾಲಿ ಇದೆ" ಎಂದರು.

ಅದು ಗೇಲಿಯ ಮಾತು. ಅವಳು ಮಾರನೆಯ ದಿನ ಬೆಳಗ್ಗೆ ಸ್ವಂತ ಬ್ರಷ್ಷು ಹಿಡಿದುಕೊಂಡು ಹೋದಳು.

ನಾಲ್ಕು ವರ್ಷ ತೊಳೆದಳು. ಪಾಚಿ ಹೋಯಿತು, ನಾತ ಹೋಯಿತು. ಆದರೆ ಸಿಮೆಂಟಿನ ನೆಲ ಸವೆದು ಸೋಪಿನ ನೀರಿಗೆ ಜಾರುತ್ತಿತ್ತು. ಹಣ್ಣು ಮಾರುವ ಹೆಂಗಸೊಬ್ಬಳು ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ, ಪ್ರತಿ ಕೋಣೆಗೂ ನಿಂತು ಮೀಯುವುದಕ್ಕೆ ಒಂದು ಮರದ ಹಲಗೆ ಹಾಕಿಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ನೀರು ಇಳಿಯಲು ತೂತುಗಳಿರಬೇಕು. ಬಡಗಿ ಯಾರೆಂಬ ಮಾತು ಬಂದಾಗ ಛೀರಾಣಿ, "ನಮ್ಮಣ್ಣ ಇದಾನೆ" ಎಂದಳು.

ಅವಳ ಅಣ್ಣನೆಂದರೆ ನಮ್ಮ ಯಜಮಾನರು. ಬಾಗಿಲು, ಕಿಟಕಿ, ಕಪಾಟು ಮಾಡುವವರು. ಮನೆಯ ಹಿಂದಿನ ತಗಡಿನ ಶೆಡ್ಡೇ ಅವರ ಕಾರ್ಖಾನೆ. ಕೆಟ್ಟ ಕೆಲಸಗಾರರೇನಲ್ಲ, ಆದರೆ ಕಣ್ಣಿಗೆ ಕಾಣುವಷ್ಟಕ್ಕೆ ಮಾತ್ರ ಕೈ ಓಡಿಸುವವರು. ಕಪಾಟಿನ ಮುಂಬಾಗಿಲಿಗೆ ಕನ್ನಡಿಯಂಥ ಪಾಲಿಶ್, ಹಿಂಬದಿಗೆ ಗರಗಸದ ಗೀರುಗಳೇ ಅಲಂಕಾರ. ಗೋಡೆಗೆ ಒರಗುವ ಭಾಗ, ಯಾರು ನೋಡುತ್ತಾರೆ ಎನ್ನುವುದು ಅವರ ವಾದ. ನಾನೂ ಅದಕ್ಕೆ ಹೊಂದಿಕೊಂಡಿದ್ದೆ.

ಹನ್ನೆರಡು ಹಲಗೆ ಮಾಡಿದರು. ಒಂದೊಂದರಲ್ಲಿಯೂ ಉದ್ದಕ್ಕೆ ಮೂರು ಪಟ್ಟಿ, ಕೆಳಗೆ ಎರಡು ಅಡ್ಡಪಟ್ಟಿ, ಮೇಲಿನಿಂದ ಸ್ಕ್ರೂ. ಪಟ್ಟಿಗೆ ಇಪ್ಪತ್ತರಂತೆ ಹಲಗೆಗೆ ಅರವತ್ತು ತೂತು, ಪ್ರತಿಯೊಂದೂ ಕಿರುಬೆರಳು ಹೋಗುವಷ್ಟು. ಡ್ರಿಲ್ಲಿನ ಮೊನೆ ತಮ್ಮ ಮೇಜಿಗೆ ತಗುಲಬಾರದೆಂದು ಪಟ್ಟಿಯನ್ನು ಎರಡು ಮರದ ಕೊರಡುಗಳ ಮೇಲೆ ಸೇತುವೆಯಂತೆ ಇಟ್ಟು, ಗುರ್ ಗುರ್ ಎಂದು ಒತ್ತಿ ಒತ್ತಿ ತೆಗೆದರು. ನಾಲ್ಕು ದಿನದಲ್ಲಿ ಮುಗಿಯಿತು. ಹಾಕಿದ ದಿನ ಎಲ್ಲರೂ ಹೊಗಳಿದರು. ಕರ್ಚೀಫು ಸಾಹೇಬರು ಬಾಗಿಲಲ್ಲೇ ನಿಂತು ತಲೆಯಾಡಿಸಿದರು.

ಹದಿನೈದು ದಿನಕ್ಕೆ ನಾತ ಶುರುವಾಯಿತು.

ಮೊದಲು ಮೋರಿಯೆಂದುಕೊಂಡು ಛೀರಾಣಿ ಮೋರಿಗೆ ಕುದಿನೀರು ಹೊಯ್ದಳು. ಹೋಗಲಿಲ್ಲ. ಗೋಡೆ ತಿಕ್ಕಿದಳು. ಹೋಗಲಿಲ್ಲ. ಕೊನೆಗೆ ಮೊದಲನೆಯ ಕೋಣೆಯ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸಿ ಕೆಳಮುಖ ನೋಡಿದಳು. ನೋಡಿದ್ದನ್ನು ಅವಳು ನನಗೆ ಹೇಳಿದ ರೀತಿಯನ್ನು ನಾನು ಇಲ್ಲಿ ಪೂರ್ತಿ ಬರೆಯಲಾರೆ. ಮೇಲೆ ದುಂಡಗೆ ಕಾಣುತ್ತಿದ್ದ ಅರವತ್ತು ತೂತುಗಳೂ ಕೆಳಗೆ ನಾಯಿ ಕಚ್ಚಿದ ಹಾಗೆ ಕಿತ್ತುಹೋಗಿದ್ದವು. ಸುತ್ತಲೂ ಸಿಬಿರು, ಮರದ ನಾರು ನೆರೆತ ಗಡ್ಡದಂತೆ ಜೋತು ನಿಂತಿತ್ತು. ಆ ಗಡ್ಡದ ತುಂಬ ಊರ ಹೆಂಗಸರ ಕೂದಲು. ಕಪ್ಪು, ಬಿಳಿ, ಬಣ್ಣ ಹಚ್ಚಿದ ಕೆಂಪು. ಕೂದಲಿಗೆ ಸೋಪಿನ ಲೋಳೆ, ಲೋಳೆಗೆ ಮೈಕೊಳೆ, ಅದರ ನಡುವೆ ಗಾಯಕ್ಕೆ ಸುತ್ತಿದ ಬಟ್ಟೆಯ ಚೂರು. ಒಂದು ತೂತಿನಿಂದ ಕೂದಲಿನ ಎಳೆ ಹಿಡಿದು ಎಳೆದರೆ ಪಕ್ಕದ ತೂತಿನದೂ ಅಲುಗಾಡಿ ಬಂತಂತೆ.

ಅವಳು ಹೊರಗೆ ಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಒಳಗೆ ಬಂದು ತಲೆಯ ಪಿನ್ನು ತೆಗೆದು ಶುರುಮಾಡಿದಳು. ಆರು ಹಲಗೆ, ಮುನ್ನೂರ ಅರವತ್ತು ತೂತು. ಅಂದಿನಿಂದ ವಾರಕ್ಕೆ ಎರಡು ದಿನ ಅದೇ ಕೆಲಸವಾಯಿತು. ಊಟ ಬಿಟ್ಟಳು ಎಂದೇ ಹೇಳಬೇಕು. ತಟ್ಟೆಯಲ್ಲಿ ಸೊಪ್ಪಿನ ನಾರೊಂದು ಕಂಡರೆ ಸಾಕು, ಎದ್ದುಬಿಡುತ್ತಿದ್ದಳು. ಬೆರಳುಗಳನ್ನು ನಿಂಬೆ ಹಚ್ಚಿ ತಿಕ್ಕಿ ತಿಕ್ಕಿ ಬಿರಿಸಿಕೊಂಡಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ ಅತ್ತಿಗೆ," ಎಂದಳು ಒಂದು ದಿನ. "ನನ್ನ ಕೈಗೆ ಮೆತ್ತಿರೋ ಕೆಸರು ನೋಡಿದ್ರೆ ಮೊಸರಿಗೇ ವಾಕರಿಕೆ ಬರುತ್ತೆ."

ಒಂದು ಭಾನುವಾರ ಮಧ್ಯಾಹ್ನ ನಮ್ಮ ಯಜಮಾನರು ಊಟಕ್ಕೆ ಕೂತಿದ್ದರು. ಛೀರಾಣಿ ಒಂದು ಹಲಗೆಯನ್ನು ಕೈಗಾಡಿಯ ಮೇಲೆ ಹಾಕಿಸಿಕೊಂಡು ಬಂದು, ಒಳಗೆ ತಂದು, ಅವರ ತಟ್ಟೆಯ ಎದುರಿಗೆ ಕೆಳಮುಖ ಮೇಲಾಗಿ ಮಲಗಿಸಿದಳು. ಆ ವಾರ ಅದನ್ನು ಬೇಕೆಂದೇ ತೊಳೆದಿರಲಿಲ್ಲ.

"ಉಣ್ಣಣ್ಣ," ಎಂದಳು. "ನೋಡ್ಕೊಂಡು ಉಣ್ಣು."

ಅವರು ತುತ್ತನ್ನು ತಟ್ಟೆಗೆ ಬಿಟ್ಟರು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ತಲೆ ಕೆಟ್ಟಿದೆಯೇನೇ ನಿನಗೆ? ಊಟದ ಹೊತ್ತಲ್ಲಿ! ತೆಗಿ ಅದನ್ನ!"

"ನನಗೆ ದಿನಾ ಊಟದ ಹೊತ್ತಲ್ಲೇ ನೆನಪಾಗುತ್ತೆ. ನಿನಗೂ ಒಂದು ದಿನ ಆಗ್ಲಿ."

"ಕೂದಲು ಸಿಕ್ಕಿಕೊಂಡ್ರೆ ಅದಕ್ಕೆ ನಾನೇನು ಮಾಡ್ಲಿ? ಹೆಂಗಸರು ತಲೆ ಬೋಳಿಸ್ಕೊಂಡು ಬರ್ಲಿ."

"ಕೂದಲು ಯಾಕೆ ಸಿಕ್ಕಿಕೊಳ್ಳುತ್ತೆ ಅಂತ ನೋಡು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಇದೇನು ತೂತಾ, ಹೆಗ್ಗಣ ಕೊರೆದ ಬಿಲಾನಾ?"

"ಕೆಳಗಿನ ಮುಖ ಕಣೇ ಅದು! ಕೆಳಗಿನ ಮುಖ ಯಾರು ನೋಡ್ತಾರೆ?"

ಛೀರಾಣಿ ಹಲಗೆಯನ್ನು ಅವರ ಕಡೆಗೆ ಇನ್ನಷ್ಟು ತಳ್ಳಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಾನು ನೋಡ್ತೀನಿ" ಎಂದಳು. "ನೀನು ಮಾಡಿದ ಎಲ್ಲದರ ಕೆಳಗಿನ ಮುಖಾನೂ ಯಾರೋ ಒಬ್ಬಳು ತೊಳೀತಾ ಇರ್ತಾಳೆ. ಬೇಕಾದ್ರೆ ಅತ್ತಿಗೇನ ಕೇಳು."

ಅವರು ನನ್ನ ಕಡೆ ನೋಡಿದರು. ನಮ್ಮ ಅಡುಗೆಮನೆಯ ಕಪಾಟಿನ ಹಿಂಬದಿಯ ಸಿಬಿರು ನನ್ನ ಉಗುರಿನೊಳಗೆ ಎಷ್ಟು ಸಲ ಹೊಕ್ಕಿತ್ತೋ ಲೆಕ್ಕವಿಲ್ಲ. ನಾನು ಯಾವತ್ತೂ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ, ಆದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುವಾಗ "ಅವಳು ಹೇಳೋದು ಸುಳ್ಳಲ್ಲ" ಎಂದುಬಿಟ್ಟೆ. ಗಂಡ ಹೆಂಡತಿಯ ನಡುವೆ ಎರಡು ದಿನ ಮಾತಿಲ್ಲ.

ಆದರೂ ನಾಚಿಕೆ ಅವರನ್ನು ಬಿಡಲಿಲ್ಲ. ಮೊದಲು ಮರವನ್ನು ಬೈದರು. "ಹಸಿ ಮರ ಕೊಟ್ಟು ಮೋಸ ಮಾಡಿದಾರೆ" ಎಂದರು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಎಂದಳು ತಂಗಿ. ಆಮೇಲೆ ಸಿಬಿರಿಗೆಲ್ಲ ಮರದ ಪುಡಿ ಬೆರೆಸಿದ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದು ಕಳಿಸಿದರು. ನೋಡಲು ಚೆನ್ನಾಗಿತ್ತು. ಬಿಸಿನೀರು ಬಿದ್ದು ಎಂಟೇ ದಿನಕ್ಕೆ ಪುಟ್ಟಿಯೆಲ್ಲ ಗಂಜಿಯಾಗಿ ಕೂದಲಿನ ಜೊತೆ ಕಲಸಿಕೊಂಡು ಜೋತಾಡತೊಡಗಿತು. ಛೀರಾಣಿಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ. ಬಂದು ಮೆಟ್ಟಿಲ ಮೇಲೆ ಕೂತು, "ಥೂ, ಅಣ್ಣ" ಎಂದಳು, ಅಷ್ಟೆ. ಅವಳ ಬಾಯಿಂದ ಛೀಯನ್ನು ಮೀರಿದ ಮಾತು ನಾನು ಕೇಳಿದ್ದು ಅದೇ ಮೊದಲು.

ಡ್ರಿಲ್ಲಿಗೆ ಹೊಸ ಹರಿತವಾದ ಬಿಟ್ಟು, ಅಂದರೆ ಕೊರೆಯುವ ಮೊನೆ, ತಂದು ನೋಡಿದರು. ಸಿಬಿರು ಕಡಿಮೆಯಾಯಿತು, ಹೋಗಲಿಲ್ಲ.

ದಾರಿ ತೋರಿಸಿದ್ದು ಆ ಹೊಲಸೇ. ಅಷ್ಟು ದಿನ ಛೀರಾಣಿ ಮುಖ ತಿರುಗಿಸಿಕೊಂಡೇ ಹಲಗೆ ತಿಕ್ಕುತ್ತಿದ್ದಳು. ಒಂದು ಮಂಗಳವಾರ ನಾಲ್ಕನೆಯ ಕೋಣೆಯ ಹಲಗೆ ತಿಕ್ಕುವಾಗ ಛೀರಾಣಿಯ ಪಿನ್ನಿಗೆ ನಡುವಿನ ಪಟ್ಟಿಯಲ್ಲಿ ಏನೂ ಸಿಗಲಿಲ್ಲ. ಎಡದ ಪಟ್ಟಿಯಲ್ಲಿ ಕೂದಲು, ಬಲದ ಪಟ್ಟಿಯಲ್ಲಿ ಕೂದಲು, ನಡುವಿನದರ ಇಪ್ಪತ್ತು ತೂತೂ ಚೊಕ್ಕ. ಬೆರಳಾಡಿಸಿದಳು. ಮೇಲಿನ ಮುಖ ಹೇಗೋ ಕೆಳಗಿನದೂ ಹಾಗೆಯೇ, ದುಂಡಗೆ, ನುಣ್ಣಗೆ. ಮೂರೂ ಒಂದೇ ಮರ, ಒಂದೇ ಕೈ, ಒಂದೇ ಡ್ರಿಲ್ಲು. ಕೆಲಸ ಮುಗಿಸಿ, ಆ ಹಲಗೆಯನ್ನು ಹೊರಿಸಿಕೊಂಡು ನೇರವಾಗಿ ನಮ್ಮ ಶೆಡ್ಡಿಗೆ ಬಂದಳು.

"ಈ ಒಂದನ್ನ ಹೇಗೆ ತೆಗೆದೆ?"

ಅವರಿಗೆ ನೆನಪಿರಲಿಲ್ಲ. "ಎಲ್ಲಾ ಒಂದೇ ತರ ತೆಗೆದದ್ದು" ಎಂದರು.

ನನಗೆ ನೆನಪಿತ್ತು. ನಾನು ನೀರು ಕೊಡಲು ಹೋದಾಗ, ಬೇಗ ಮುಗಿಯಲಿ ಎಂದು ಅವರು ಎರಡು ಪಟ್ಟಿಯನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೇ ಕೊರೆಯುತ್ತಿದ್ದರು. ಬಿಟ್ಟು ಕಾದು ಹೊಗೆ ಬಂದು, ಸಿಕ್ಕಿಹಾಕಿಕೊಂಡಿತೆಂದು ಬೈದುಕೊಂಡು, ಒಂದೇ ಜೋಡಿಗೆ ಆ ಉಪಾಯ ಬಿಟ್ಟಿದ್ದರು. ನಾನು ಅದನ್ನು ಹೇಳಿದೆ.

ಛೀರಾಣಿ ಯೋಚಿಸುತ್ತ ನಿಂತಳು. "ಅಂದ್ರೆ ಇದು ಮೇಲಿದ್ದ ಪಟ್ಟಿ," ಎಂದಳು. "ಇದರ ಕೆಳಗೆ ಮರ ಒತ್ತಿಕೊಂಡಿತ್ತು. ಮಿಕ್ಕಿದ್ದರ ಕೆಳಗೆ ಬರೀ ಗಾಳಿ. ಬಿಟ್ಟು ಹೊರಗೆ ಬರೋವಾಗ ಹಿಡ್ಕೊಳ್ಳೋಕೆ ಏನೂ ಇಲ್ಲ, ಅದಕ್ಕೇ ನಾರು ಕಿತ್ಕೊಂಡು ಬರುತ್ತೆ."

ನಮ್ಮ ಯಜಮಾನರು ಪಟ್ಟಿಯನ್ನು ತಿರುಗಿಸಿ ನೋಡಿದರು. ಇಪ್ಪತ್ತೆರಡು ವರ್ಷ ಮರ ಕೊರೆದವರು ಅವರು. ಗೊತ್ತಿಲ್ಲದ ವಿಷಯ ಅಂತಲ್ಲ, ಗೊತ್ತುಮಾಡಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲ. ಒಂದು ತುಂಡು ಪಟ್ಟಿ ತಗೊಂಡು, ಕೆಳಗೆ ಇನ್ನೊಂದು ತುಂಡನ್ನು ಅಂತರವಿಲ್ಲದಂತೆ ಕ್ಲಾಂಪಿನಿಂದ ಬಿಗಿದು, ಕೊರೆದರು. ಬಿಚ್ಚಿ ತಿರುಗಿಸಿದರೆ ಕೆಳಮುಖ ಸ್ವಚ್ಛ. ಎರಡನೆಯ ತೂತಿಗೆ ಮತ್ತೆ ಸಿಬಿರು. ನೋಡಿದರೆ, ಕೆಳಗಿನ ತುಂಡು ಸರಿಸದೆ ಹಳೆಯ ತೂತಿನ ಅಂಚಿಗೇ ಬಿಟ್ಟು ಇಳಿದಿತ್ತು. ಪ್ರತಿ ಸಲ ಕೆಳಗೆ ಗಟ್ಟಿ ಜಾಗ ಸಿಗುವಂತೆ ತುಂಡನ್ನು ಸರಿಸಬೇಕು ಎಂದು ಗೊತ್ತಾಯಿತು. ಜೊತೆಗೆ ಕೊನೆಯ ನಾಲ್ಕಾಣೆ ಭಾಗದಲ್ಲಿ ಕೈಯ ಭಾರ ಹಾಕಬಾರದು, ಮರ ತಾನಾಗಿ ದಾರಿ ಕೊಡುವ ತನಕ ಕಾಯಬೇಕು.

ಅವಳು ಪರೀಕ್ಷೆಗೆ ಬೆರಳನ್ನು ನಂಬಲಿಲ್ಲ. ನನ್ನ ಹಳೆಯ ನೈಲಾನ್ ಸೀರೆಯ ತುಂಡೊಂದನ್ನು ಹರಿದು, ತೂತಿನೊಳಗೆ ತುರುಕಿ ಇನ್ನೊಂದು ಕಡೆಯಿಂದ ಎಳೆದಳು. ಒಂದು ದಾರ ಸಿಕ್ಕಿಕೊಂಡರೂ "ಛೀ". ಆ ತುಂಡು ಮತ್ತೆ ಬದಿಗೆ.

ಅಲ್ಲಿಗೆ ಮುಗಿದಿರಲಿಲ್ಲ. ತೂತಿನ ಮೇಲಿನ ಬಾಯಿ ಚೂಪಾಗಿದ್ದರೆ ಅಂಗಾಲಿಗೆ ಒತ್ತುತ್ತದೆ, ಲೋಳೆಯೂ ಅಲ್ಲೇ ಕೂರುತ್ತದೆ. ಹಲಗೆಯ ಮೇಲೆ ಎದ್ದುನಿಂತ ಸ್ಕ್ರೂ ತಲೆಗಳು ಆಗಲೇ ಇಬ್ಬರ ಕಾಲ್ಬೆರಳು ಕೊಯ್ದಿದ್ದವು. ತೂತಿನ ಬಾಯನ್ನು ಬೋಗುಣಿಯಂತೆ ಅಗಲಿಸುವ ಒಂದು ಮೊನೆ ಬರುತ್ತದೆ, ಬಡಗಿಗಳು ಅದಕ್ಕೆ ಕೌಂಟರ್ ಎನ್ನುತ್ತಾರೆ. ನಮ್ಮ ಯಜಮಾನರು ಡ್ರಿಲ್ಲಿಗೆ ಅದನ್ನು ಸಿಕ್ಕಿಸಿ ಪೂರ್ತಿ ವೇಗದಲ್ಲಿ ಇಟ್ಟರು. ಮೊನೆ ಗಡಗಡ ಕುಣಿದು ಬಾಯಿ ದುಂಡಗಾಗುವ ಬದಲು ಎಂಟು ಮೂಲೆಯಾಯಿತು, ಮೂಲೆ ಮೂಲೆಗೂ ಜುಂಗು.

"ಇದೇನಿದು, ಇಲಿ ಕಚ್ಚಿದ ಬಿಸ್ಕತ್ತು?" ಎಂದಳು ಛೀರಾಣಿ. "ಅವಸರ ಯಾಕೆ? ಪಾತ್ರೆ ತಿಕ್ಕೋವಾಗ ಅಂಚನ್ನ ಯಾರಾದ್ರೂ ಜೋರಾಗಿ ತಿಕ್ತಾರಾ? ನಿಧಾನಕ್ಕೆ, ಒಂದೇ ಒತ್ತಡ."

"ನೀನೇ ಮಾಡು ಹಾಗಾದ್ರೆ."

ಇದೂ ಗೇಲಿಯ ಮಾತೇ. ಅವಳು ಅದನ್ನು ಕೈಗೆ ತೆಗೆದುಕೊಂಡಳು. ಕೈಯಿಂದ ತಿರುವಿ ಕೊರೆಯುವ ಹಳೆಯ ಬೈರಿಗೆಯೊಂದು ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ಮೊನೆ ಸಿಕ್ಕಿಸಿ, ನೆಟ್ಟಗೆ ನಿಲ್ಲಿಸಿ, ಎದೆಯ ಭಾರ ಹಾಕಿ ನಿಧಾನವಾಗಿ ತಿರುವಿದಳು. ಮರದ ತೆಳ್ಳನೆಯ ಸುರುಳಿ ಹೂವಿನಂತೆ ಎದ್ದು ಬಂತು. ಆರು ಸುತ್ತು, ಸಾಕು. ಸ್ಕ್ರೂ ಇಟ್ಟರೆ ತಲೆ ಮರಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂತಿತು. ನಮ್ಮ ಯಜಮಾನರು ಉಗುರಿನಿಂದ ಗೀಚಿ ನೋಡಿದರು. ಉಗುರು ತಡೆಯಲಿಲ್ಲ. ಮುಖ ಹುಳ್ಳಗಾಯಿತು.

"ಪರವಾಗಿಲ್ಲ" ಎಂದರು. ಅವರ ಬಾಯಿಂದ ಅದು ದೊಡ್ಡ ಪದಕ.

ಕೊನೆಯ ಅಸಹ್ಯ ಮಾತ್ರ ಅವಳಿಗೊಬ್ಬಳಿಗೇ ಹೊಳೆದದ್ದು. ನುಣ್ಣಗೆ ತೆಗೆದ ಪಟ್ಟಿಯ ಮೇಲೆ ಒಂದು ತಂಬಿಗೆ ಬಿಸಿನೀರು ಸುರಿದಳು. "ಹಾಳುಮಾಡ್ತೀಯಲ್ಲೇ!" ಎಂದು ಅಣ್ಣ ಕೂಗಿದರು. ಒಣಗಿದ ಮೇಲೆ ಬೆರಳಿಟ್ಟರೆ ತೂತಿನ ಒಳಗೋಡೆಯಲ್ಲೆಲ್ಲ ಎಳೆಮಗುವಿನ ತಲೆಯಂತೆ ಜುಂಗೆದ್ದಿತ್ತು. ಒದ್ದೆಯಾದ ಮರದ ಸ್ವಭಾವ ಅದು. ಶೆಡ್ಡಿನಲ್ಲಿ ಒಣಗಿ ನಿಂತ ಮರವನ್ನಷ್ಟೇ ನೋಡಿದ ಬಡಗಿಗೆ ಅದು ಕಂಡಿರಲಿಲ್ಲ, ಒದ್ದೆ ಮರವನ್ನೇ ನಾಲ್ಕು ತಿಂಗಳಿಂದ ತಿಕ್ಕುತ್ತಿದ್ದವಳಿಗೆ ಗೊತ್ತಿತ್ತು. ಮರಳು ಕಾಗದವನ್ನು ಕಡ್ಡಿಗೆ ಸುತ್ತಿ ತೂತಿನೊಳಗೆ ತಿರುವಿದಳು. ಮತ್ತೆ ನೀರು, ಮತ್ತೆ ಬಿಸಿಲು, ಮತ್ತೆ ಕಾಗದ. ಎರಡನೆಯ ಸಲ ಜುಂಗು ಏಳಲಿಲ್ಲ.

ಹಳೆಯ ಪಟ್ಟಿಗಳು ರಿಪೇರಿಯಾಗುವಂತಿರಲಿಲ್ಲ. ಬಾಗಿಲಿಗೆಂದು ತಂದಿಟ್ಟಿದ್ದ ಮರವನ್ನು ನಮ್ಮ ಯಜಮಾನರು ಗೊಣಗಿಕೊಂಡೇ ಕೊಟ್ಟರು. ಆರು ಭಾನುವಾರ ಅವಳು ಶೆಡ್ಡಿಗೆ ಬಂದಳು. ಅವರು ಕೊರೆದರು, ಅವಳು ಬಾಯಿ ಅಗಲಿಸಿದಳು, ನಾನು ತುಂಡು ಸರಿಸಿದೆ, ಬಿಸಿಲಿಗೆ ಹಾಕಿದೆ. ಹೆಂಗಸರ ಕಡೆಯ ಆರೂ ಹಲಗೆ ಹೊಸದಾದವು. ಅಷ್ಟಕ್ಕೆ ಮರ ಮುಗಿಯಿತು, ಗಂಡಸರ ಕಡೆ ಹಳೆಯವೇ ಉಳಿದವು.

ತಿಂಗಳು ಬಿಟ್ಟು ಹಲಗೆ ಎತ್ತಿ ನೋಡಿದಳು. ನೀರು ಬಿಟ್ಟರೆ ಏನೂ ಇರಲಿಲ್ಲ. ಮೂಗು ಹತ್ತಿರ ಹಿಡಿದು ಮೂಸಿದಳಂತೆ. "ಮರದ ವಾಸನೆ ಬಂತು ಅತ್ತಿಗೆ" ಎಂದಳು. ಆ ದಿನ ನಮ್ಮ ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡಳು.

ಈ ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕರ್ಚೀಫು ಸಾಹೇಬರು ಒಂದು ದಿನ, ಈಕೆ ಹತ್ತು ಗಂಟೆಗೇ ಕೆಲಸ ಮುಗಿಸಿ ಬ್ರಷ್ಷುಗಳನ್ನು ಬಿಸಿಲಿಗೆ ಇಡುತ್ತಿರುವುದನ್ನು ನೋಡಿದರು.

"ಈಗೇನು, ಅಷ್ಟು ಬೇಗ ಮುಗಿಯುತ್ತಾ?"

"ಹಲಗೆ ಸರಿಯಾಯ್ತಲ್ಲ ಸಾರ್. ಕೀಳೋದು ಏನೂ ಇಲ್ಲ."

"ಹಾಗಾದ್ರೆ ನಾಳೆಯಿಂದ ಗಂಡಸರ ಕಡೆನೂ ನೀನೇ ನೋಡ್ಕೋ. ಆ ಮುದುಕನ್ನ ಮನೆಗೆ ಕಳಿಸ್ತೀನಿ."

ಗಂಡಸರ ಕಡೆ ತೊಳೆಯುತ್ತಿದ್ದವನು ಎಲ್ಲರೂ ತಾತ ಎಂದು ಕರೆಯುತ್ತಿದ್ದ ಒಬ್ಬ ಮುದುಕ. ಕಣ್ಣು ಮಂಜು, ಸೊಂಟ ಬಗ್ಗದು. ನೆಲಕ್ಕೆ ನೀರು ಎರಚಿ ಪೊರಕೆ ಆಡಿಸುವುದೇ ಅವನ ತೊಳೆಯುವಿಕೆ. ಅವನ ಕೆಲಸಕ್ಕೆ ಛೀರಾಣಿ ದಿನವೂ ಛೀ ಎನ್ನುತ್ತಿದ್ದವಳೇ. ಆದರೂ ಅವತ್ತು ಮನೆಗೆ ಬಂದಾಗ ಅವಳ ಮುಖ ಕೆಂಪಾಗಿತ್ತು.

"ನಾನು ತೂತು ನೆಟ್ಟಗೆ ಮಾಡಿದ್ದಕ್ಕೆ ಒಬ್ಬ ಮುದುಕನ ಹೊಟ್ಟೆ ಮೇಲೆ ಹೊಡೀತಾರಂತೆ. ಮೋರಿಗಿಂತ ಹೊಲಸು ಕಣತ್ತಿಗೆ ಇದು. ಮೋರಿಗಾದ್ರೆ ಬಿಸಿನೀರು ಹಾಕ್ಬಹುದು."

"ನಿನಗ್ಯಾಕೆ ಊರ ಉಸಾಬರಿ? ಕೊಟ್ಟ ಕೆಲಸ ಮಾಡು" ಎಂದರು ಅಣ್ಣ.

ಮಾರನೆಯ ದಿನ ಅವಳು ಸಾಹೇಬರ ಮೇಜಿನ ಮುಂದೆ ನಿಂತಳು. "ಗಂಡಸರ ಕಡೆ ವಹಿಸ್ಕೊಳ್ಳೋಕೆ ಮುಂಚೆ ನೀವೊಂದ್ಸಲ ಬಂದು ನೋಡ್ಬೇಕು ಸಾರ್. ಆಮೇಲೆ ನಾನೇ ಹಾಳು ಮಾಡ್ದೆ ಅಂತ ಆಗ್ಬಾರ್ದು." ಮಾತು ನ್ಯಾಯವಾಗಿತ್ತು. ಸುತ್ತ ಜನರೂ ಇದ್ದರು. ಸಾಹೇಬರು ಕರ್ಚೀಫನ್ನು ಮಡಿಸಿ ಇನ್ನಷ್ಟು ದಪ್ಪ ಮಾಡಿಕೊಂಡು ಎದ್ದರು. ಎಷ್ಟೋ ವರ್ಷದಲ್ಲಿ ಅವರು ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಮೊದಲನೆಯ ಕೋಣೆಯಲ್ಲಿ ಅವಳು ಹಲಗೆಯ ಒಂದು ಅಂಚನ್ನು ಹಿಡಿದು, ಸಾಹೇಬರ ಎದೆಯ ಮಟ್ಟಕ್ಕೆ ಎತ್ತಿ, ತಿರುಗಿಸಿದಳು.

ಆ ಹಲಗೆಯನ್ನು ಹಾಕಿದ ದಿನದಿಂದ ಯಾರೂ ಎತ್ತಿರಲಿಲ್ಲ. ಎಂಟು ತಿಂಗಳು. ಲಾರಿಯವರು, ಹಮಾಲಿಗಳು, ಮಾರುಕಟ್ಟೆಯ ಕ್ಷೌರದಂಗಡಿಯಿಂದ ನೇರವಾಗಿ ಮೀಯಲು ಬರುವವರು. ಹಲಗೆಯ ಕೆಳಗೆ ಮರ ಕಾಣುತ್ತಿರಲಿಲ್ಲ, ಒಂದು ತೊಗಲು ಕಾಣುತ್ತಿತ್ತು. ಒದ್ದೆಯಾದ, ಕೂದಲಿದ್ದ, ಬೂದುಬಣ್ಣದ ತೊಗಲು. ಅದು ಒಂದು ಮೂಲೆಯಿಂದ ಬಿಟ್ಟುಕೊಂಡು ನಿಧಾನವಾಗಿ ಜಾರಿ ಸಾಹೇಬರ ಬೂಟಿನ ಮೇಲೆ ಬಿತ್ತು. ಅದರಲ್ಲಿ ಹುಳುವೂ ಇತ್ತು.

ಸಾಹೇಬರು ಕರ್ಚೀಫಿನೊಳಗೇ ವಾಂತಿ ಮಾಡಿದರು. ಕರ್ಚೀಫು ಸಾಲಲಿಲ್ಲ.

ತಾತ ಗಾಬರಿಯಾಗಿ ಅವರಿಗೆ ನೀರು ತಂದು ಕೊಟ್ಟ. ಸಾಹೇಬರು ಗೋಡೆ ಹಿಡಿದುಕೊಂಡು, "ಇದನ್ನ ಒಬ್ಬಳ ಕೈಯಲ್ಲಿ ಮಾಡೋಕಾಗಲ್ಲ" ಎಂದಷ್ಟೇ ಹೇಳಿ ಹೊರಗೆ ಹೋದರು. ತಾತನನ್ನು ಕಳಿಸುವ ಮಾತು ಮತ್ತೆ ಬರಲಿಲ್ಲ. ಗಂಡಸರ ಕಡೆಗೆ ಹೊಸ ಹಲಗೆಗೆ ಆ ವಾರವೇ ಅಪ್ಪಣೆಯಾಯಿತು. ಬೀದಿಯವರೆಲ್ಲ ಈ ಸುದ್ದಿ ಹೇಳಿಕೊಂಡು ನಕ್ಕರು. ಅವಳು ನಗಲಿಲ್ಲ.

"ಗೆದ್ದೆ ಅಂತಾರೆ ಅತ್ತಿಗೆ," ಎಂದಳು. "ಅವರು ಹೊರಗೆ ಹೋದ್ಮೇಲೆ ಆ ವಾಂತಿ ಯಾರು ತೊಳೆದದ್ದು? ನಾನು. ಆ ತೊಗಲು ಯಾರು ಎತ್ತಿದ್ದು? ನಾನು. ತಾತ ಏನು ಮಾಡ್ದ ಗೊತ್ತಾ? 'ನಾಳೆಯಿಂದ ನೀನೇ ಹಲಗೆ ಎತ್ತಿಕೊಡಮ್ಮ, ನನಗೆ ಸೊಂಟ' ಅಂದ."

"ಎತ್ತಿಕೊಡ್ತೀಯಾ?"

"ಎತ್ತಿಕೊಡದೆ ಏನು ಮಾಡ್ಲಿ, ಛೀ."

ಎತ್ತಿಕೊಟ್ಟಳು, ಇನ್ನೂ ಎರಡು ವರ್ಷ. ತಾತ ತೀರಿಕೊಂಡ ಮೇಲೆ ಅಲ್ಲಿಯ ಕೆಲಸ ಬಿಟ್ಟಳು. ಅಷ್ಟರಲ್ಲಿ ಈ ಹಲಗೆಗಳನ್ನು ನೋಡಿದ ಒಂದು ಆಸ್ಪತ್ರೆಯವರೂ ಹುಡುಗಿಯರ ಹಾಸ್ಟೆಲಿನವರೂ ನಮ್ಮ ಶೆಡ್ಡಿಗೆ ಹುಡುಕಿಕೊಂಡು ಬಂದಿದ್ದರು. ನಮ್ಮ ಯಜಮಾನರು ಅವರೆದುರಿಗೆ, "ನಮ್ಮ ಕೈಯ ತೂತು ಅಂದ್ರೆ ಹಾಗೆ, ಸಿಬಿರಿನ ಮಾತೇ ಇಲ್ಲ" ಎಂದು ಮೀಸೆ ತಿರುವಿದಾಗ ತಂಗಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಆಗ ಕಂಡ ಅಸಹ್ಯವನ್ನು ನಾನು ಯಾವ ಮೋರಿಯ ಮುಂದೆಯೂ ಕಂಡಿರಲಿಲ್ಲ. ಬಂದವರು ಹೋದ ಮೇಲೆ ಒಳಗೆ ಬಂದು, "ನಾನು ಇಲ್ಲಿಗೇ ಬರ್ತೀನಿ. ಆದ್ರೆ ನಾನು ತಿರುಗಿಸಿ ನೋಡದೆ ಒಂದು ಹಲಗೆನೂ ಬಾಗಿಲು ದಾಟ್ಬಾರ್ದು. ಒಪ್ಪಿಗೆನಾ?" ಎಂದಳು.

"ಒಪ್ಪದಿದ್ರೆ?"

"ಬಂದೋರಿಗೆ ನಿನ್ನ ಪುಟ್ಟಿ ಕಥೆ ಹೇಳ್ತೀನಿ."

ಒಪ್ಪಿದರು. ಅಣ್ಣ ತಂಗಿ ಹದಿನಾಲ್ಕು ವರ್ಷ ಒಂದೇ ಶೆಡ್ಡಿನಲ್ಲಿ ಬೈದಾಡಿಕೊಂಡು ಕೆಲಸ ಮಾಡಿದರು. ಅವಳು ಬದಿಗಿಟ್ಟ ಹಲಗೆಗಳಿಂದಲೇ ನಮ್ಮ ಬಚ್ಚಲ ಒಲೆ ಉರಿಯುತ್ತಿತ್ತು. ಈಗ ನಮ್ಮ ಯಜಮಾನರ ಕೈ ನಡುಗುತ್ತದೆ, ಬಿಟ್ಟು ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ ಕೊರೆಯುವುದು ನನ್ನ ಪಾಲಿಗೆ ಬಂದಿದೆ. ಮದುವೆಯಾಗಿ ಬಂದಾಗ ಡ್ರಿಲ್ಲಿನ ಸದ್ದಿಗೇ ಕಿವಿ ಮುಚ್ಚಿಕೊಳ್ಳುತ್ತಿದ್ದವಳು ನಾನು.

ಕಳೆದ ತಿಂಗಳು ಹಾಸ್ಟೆಲಿನವರಿಗೆ ಅವಸರವಿತ್ತು. ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಕೊನೆಯ ಪಟ್ಟಿಯ ಹತ್ತು ತೂತಿಗೆ ನಾನು ಕೆಳಗಿನ ತುಂಡು ಸರಿಸದೆ ಒತ್ತಿಬಿಟ್ಟೆ. ಛೀರಾಣಿ ನೈಲಾನ್ ಎಳೆದಳು, ದಾರ ಸಿಕ್ಕಿಕೊಂಡಿತು. ಹಲಗೆಯನ್ನು ಗಾಡಿಯಿಂದ ಇಳಿಸಿದಳು. ಗಾಡಿಯವನಿಗೆ ನಾಳೆ ಬಾ ಎಂದಳು.

"ಹತ್ತೇ ತೂತು ಕಣೇ," ಎಂದೆ ನಾನು. "ಹುಡುಗಿಯರು ನಿಲ್ಲೋದು ಮೇಲೆ ತಾನೇ?"

ಆಡಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಅವಳು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

ಮಾರನೆಯ ದಿನ ಬೆಳಗಾಗುತ್ತಲೇ ನಾನು ಹೊಸ ಪಟ್ಟಿ ತೆಗೆದುಕೊಂಡು, ಕೆಳಗೆ ತುಂಡು ಬಿಗಿದು, ಇಪ್ಪತ್ತೂ ತೂತನ್ನು ಹೊಸದಾಗಿ ಕೊರೆದೆ. ಅವಳು ಪಕ್ಕದಲ್ಲಿ ನಿಂತು ಪ್ರತಿ ತೂತಿಗೂ ತುಂಡು ಸರಿಸಿಕೊಟ್ಟಳು. ಕೆಲಸ ಮುಗಿದ ಮೇಲೆ ಡ್ರಿಲ್ಲಿನ ಹಿಡಿಗೆ ನನ್ನ ಬೆವರು ಮೆತ್ತಿದೆಯೆಂದು ಅದನ್ನೂ ಒರೆಸಿಟ್ಟಳು.